ಆ ಶಿಳ್ಳೆ ನಿಮ್ಮದಲ್ಲ

ಎದುರಂಗಡಿಯ ಟೈಲರ್ ಅವರಿಗೆ ನಮಸ್ಕಾರ.

ನಸುಕಿನಲ್ಲಿ ನನ್ನ ತಂಗಿಯ ಕಿಟಕಿಯತ್ತ ಶಿಳ್ಳೆ ಹಾಕುತ್ತೀರೆಂದು ನಿನ್ನೆ ಬೀದಿಯವರೆದುರು ನಿಮ್ಮ ಕೊರಳಪಟ್ಟಿ ಹಿಡಿದೆ. ನೀವು "ನಾನಲ್ಲ ಸಾರ್" ಅಂದಷ್ಟೂ ನನ್ನ ದನಿ ಏರಿತು.

ಇವತ್ತು ತಂಗಿ ನನ್ನನ್ನು ಎಬ್ಬಿಸಿ ಹಿತ್ತಿಲ ತೊರೆಯತ್ತ ತೋರಿಸಿದಳು. ಬಂಡೆಯ ಮೇಲೊಂದು ಕಡುನೀಲಿ ಹಕ್ಕಿ, ಹೆಗಲ ಮೇಲೆ ಮಿಂಚು. ಬಸವನಹುಳುವನ್ನು ಕಲ್ಲಿಗೆ ಬಡಿದು ತಿಂದು, ಥೇಟ್ ಮನುಷ್ಯರ ಹಾಗೆ ಶಿಳ್ಳೆ ಹಾಕಿತು. ಅದು ಬೆಟ್ಟದ ಕಡೆಯ ಹಕ್ಕಿ, ಬೆಳಕು ಹರಿಯುವ ಮುಂಚೆಯೇ ಹಾಡುತ್ತದಂತೆ. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಂಗಡಿ ಖಾಲಿ ಮಾಡುತ್ತೀರೆಂದು ಕೇಳಿದೆ, ದಯವಿಟ್ಟು ಮಾಡಬೇಡಿ. ಬೀದಿಯವರೆದುರೇ ಕ್ಷಮೆ ಕೇಳುತ್ತೇನೆ. ನಿನ್ನೆ ನಾನು ಹರಿದ ನಿಮ್ಮ ಅಂಗಿಯ ಬದಲಿಗೆ ಬಟ್ಟೆ ತಂದಿದ್ದೇನೆ. ಹೊಲಿಯುವುದು ಮಾತ್ರ ನೀವೇ.

ತಂಗಿ ಇದನ್ನೂ ಬರೆಯಲೇಬೇಕು ಅನ್ನುತ್ತಿದ್ದಾಳೆ: "ಶಿಳ್ಳೆ ಅವರದೇ ಆಗಿದ್ದರೂ ನನಗೇನೂ ಬೇಜಾರಿರಲಿಲ್ಲ."

ತಲೆ ತಗ್ಗಿಸಿ,
ಎದುರುಮನೆಯವನು