ಮೂರನೇ ಹಾಡಿನ ಉಸಿರು

ಮಾರ್ಚ್ ೧೧, ಮಂಗಳವಾರ

ಅಣ್ಣನ ಮಗಳು ಯೇಸುವಿನ ಮೇಲೆ ಕಟ್ಟಿದ ಹಿಪ್‌ಹಾಪ್ ಆಲ್ಬಮ್ಮಿನ ವಿಮರ್ಶೆ ಇಂದು ಪತ್ರಿಕೆಯಲ್ಲಿ ಬಂತು. ಭಕ್ತಿ ಅತಿಯಾಯಿತಂತೆ, ಧ್ವನಿಮುದ್ರಣ ಮಾತ್ರ ಬಲು ಸ್ವಚ್ಛವಂತೆ. ಹಾಡುಗಳನ್ನು ಮುದ್ರಿಸಿದವನು ನಾನು. ದೇವರನ್ನು ನಂಬದವನಿಗೆ ಹೊಗಳಿಕೆ, ನಂಬಿದವಳಿಗೆ ಬೈಗುಳ. ಹಾಡಿನಲ್ಲಿ ಯೇಸುವನ್ನೇ ಪ್ರಶ್ನೆ ಕೇಳಿದ್ದಕ್ಕೆ ಚರ್ಚಿನ ಹಿರಿಯರೂ ಅವಳನ್ನು ಬಿಟ್ಟಿಲ್ಲ: 'ಯೇಸುವಿನ ಹತ್ರ ಹೀಗಾ ಜಗಳಕ್ಕೆ ನಿಲ್ಲೋದು?'

ಸಂಜೆ ಸ್ಟುಡಿಯೋಗೆ ಬಂದವಳು ಇದಕ್ಕೆಲ್ಲ ನಕ್ಕುಬಿಟ್ಟಳು. ಆಮೇಲೆ ಕೇಳಿದಳು:

'ಚಿಕ್ಕಪ್ಪ, ಮೂರನೇ ಹಾಡಲ್ಲಿ ನಾನು ಅಪ್ಪನ ಹೆಸರು ಹೇಳಿ ಉಸಿರು ಎಳ್ಕೊಂಡಿದ್ನಲ್ಲ, ಎಲ್ಲಿ ಅದು?'

'ಕತ್ತರಿಸಿದೆ. ಎಲ್ಲರದೂ ಕತ್ತರಿಸ್ತೀನಿ. ಇಲ್ದಿದ್ರೆ ಕೊಳಕಾಗಿ ಕೇಳುತ್ತೆ.'

'ನಾನು ಪ್ರಾರ್ಥನೆ ಮಾಡಿದ್ದು ಅಲ್ಲೊಂದೇ ಕಡೆ. ಮಿಕ್ಕಿದ್ದೆಲ್ಲ ಬರೀ ಪ್ರಾಸ. ವಾಪಸ್ ಹಾಕಿ.'

'ಸ್ವಚ್ಛ ಅಂತ ಹೊಗಳಿದಾರಲ್ಲೇ!'

'ಆ ಹೊಗಳಿಕೆ ನೀವೇ ಇಟ್ಕೊಳ್ಳಿ.'

ಅವಳು ಹೋದ ಮೇಲೆ ಮೂಲ ಮುದ್ರಣ ತೆರೆದು ಆ ಉಸಿರನ್ನು ಅದರ ಜಾಗದಲ್ಲಿ ಕೂರಿಸಿದೆ. ಅಂದು ಪರದೆಯ ಮೇಲೆ ಧ್ವನಿಯ ಗೆರೆ ನೋಡಿ ಅಳಿಸಿದ್ದೆ, ಕಿವಿಗೊಟ್ಟಿರಲಿಲ್ಲ. ಇಂದು ಕೇಳಿದೆ. ಅಣ್ಣ ತೀರಿಕೊಂಡು ವರ್ಷವಾಗುತ್ತ ಬಂತು. ಅವಳು ಅವನ ಹೆಸರು ಹೇಳಿ, ಯಾರಾದರೂ ಉತ್ತರ ಕೊಡಲೆಂದು ಅಷ್ಟು ಜಾಗ ಬಿಟ್ಟು ಕಾಯುತ್ತಾಳೆ.

ಹಾಡು ನಿಲ್ಲಿಸಿ ನಾನೂ ಸ್ವಲ್ಪ ಹೊತ್ತು ಕಾದೆ.