ತಳಕ್ಕೆ ಅಂಟಿಸಿದ ಹಾಳೆ

ಮಾರ್ಚ್ 17, ಸೋಮವಾರ

ಪ್ರೀತಿಯ ಗುಬ್ಬಿ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಮೊದಲೆರಡು ಸಲ ಈ ಕಾಗದವನ್ನು ಅದಿಲ್ಲದೆಯೇ ಬರೆದೆ. ಓದಿ ನೋಡಿದರೆ ಎರಡೂ ಚೆನ್ನಾಗಿಯೇ ಇದ್ದವು, ಅದಕ್ಕೇ ಹರಿದು ಹಾಕಿದೆ. ಈ ಸಲ ಆ ಮಾತನ್ನು ಮೊದಲೇ ಬರೆಯುತ್ತೇನೆ. ನಿನ್ನ ಲ್ಯಾಪ್‌ಟಾಪ್ ಕಾದು ಕಾದು ಕೆಟ್ಟದ್ದು ನೀನು ಇಟ್ಟ ಐಸಿನಿಂದಲ್ಲ, ಹಾಸಿಗೆಯ ಮೇಲೆ ಇಟ್ಟುಕೊಂಡು ಕೂತದ್ದರಿಂದಲೂ ಅಲ್ಲ. ನನ್ನಿಂದ.

ಹೇಗಿದ್ದೀಯ? ನೀನು ಚಿಕ್ಕಮ್ಮನ ಮನೆಗೆ ಹೋಗಿ ಹನ್ನೆರಡು ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ನೀನು ಫೋನ್ ಎತ್ತದಿದ್ದದ್ದು ಒಳ್ಳೆಯದೇ ಆಯಿತು ಅಂತ ಈಗ ಅನಿಸುತ್ತದೆ. ಎತ್ತಿದ್ದರೆ ನಾನು "ಊಟ ಆಯ್ತಾ" ಅಂತ ಕೇಳಿ, ಮರುಕ್ಷಣವೇ ಬುದ್ಧಿ ಹೇಳಲು ಶುರು ಮಾಡುತ್ತಿದ್ದೆ. ಮೊಬೈಲಿನಲ್ಲಿ ಬರೆದು ಕಳಿಸಿದರೆ ನೀನು ಓದದೆ ಅಳಿಸುತ್ತೀಯ. ಚಿಕ್ಕಮ್ಮನ ಮೊಬೈಲಿಗೆ ಕಳಿಸಿದರೆ ಅವಳು ಮೊದಲು ಓದಿ, ಅತ್ತು, ಆಮೇಲೆ ನಿನಗೆ ಅರ್ಧ ಕತೆ ಹೇಳುತ್ತಾಳೆ. ಅದಕ್ಕೇ ಕಾಗದ. ಇಂಗ್ಲಿಷಿನಲ್ಲಿ ಬರೆದಿದ್ದರೆ ನನಗೆ ಸಲೀಸಾಗುತ್ತಿತ್ತು, ಓದಿದ್ದೆಲ್ಲ ಅದರಲ್ಲೇ ತಾನೇ. ಆದರೆ ಇಂಗ್ಲಿಷಿನಲ್ಲಿ ನಾನು ಬರೆಯುವುದೆಲ್ಲ ಕಚೇರಿಯ ಪತ್ರದ ಹಾಗೆ ಆಗುತ್ತದೆ. ತಪ್ಪು ಆಗಿರುತ್ತದೆ, ಮಾಡಿದವರು ಯಾರೂ ಇರುವುದಿಲ್ಲ.

ಅಪ್ಪ ಚೆನ್ನಾಗಿದ್ದಾರೆ. ದಿನಾ ಸಂಜೆ ನಿನ್ನ ಮೇಜನ್ನು ಒರೆಸುತ್ತಾರೆ, ಧೂಳು ಇರಲಿ ಬಿಡಲಿ. ಮೊನ್ನೆ ನಿನ್ನ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು: "ಅಕ್ಕಾ, ಇವಳು ಕಾಲೇಜು ಬಿಡೋ ಅರ್ಜಿ ಬರೆದಿಟ್ಕೊಂಡಿದ್ದಾಳೆ ಕಣೇ. ಇಪ್ಪತ್ನಾಲ್ಕನೇ ತಾರೀಕು ಬಂದು ಕೊಡ್ತಾಳಂತೆ. ಕೇಳಿದ್ರೆ, ಒಂದು ಮಷೀನು ಜೋಪಾನ ಮಾಡೋಕೆ ಬರದವಳಿಗೆ ಸಿನಿಮಾ ಮಾಡೋ ಯೋಗ್ಯತೆ ಇಲ್ಲ ಅಂತಾಳೆ." ಆ ಮಾತು ನಿನ್ನದಲ್ಲ. ನನ್ನದು, ಪದ ಪದವೂ ನನ್ನದು. ನಾನು ಹೇಳಿದ್ದು ನಿನ್ನ ಬಾಯಿಗೆ ಹೋಗಿ ಕೂತಿದೆ.

ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಜನವರಿಯಲ್ಲಿ ಲ್ಯಾಪ್‌ಟಾಪ್ ಬಂದ ದಿನ ನೀನು ತರಗತಿಯಲ್ಲಿದ್ದೆ. ಅಪ್ಪ ಪೆಟ್ಟಿಗೆಯನ್ನು ಕಾಲೇಜಿನ ನನ್ನ ಲೈಬ್ರರಿಗೇ ತಂದುಕೊಟ್ಟು ಹೋಗಿದ್ದರು. ಮಧ್ಯಾಹ್ನ ಯಾರೂ ಇರಲಿಲ್ಲ. ತೆಗೆದು ನೋಡಿದೆ. ಎಷ್ಟು ಚೆಂದವಿತ್ತು, ಒಂದು ಗೀರಿಲ್ಲ. ಮಗುಚಿ ನೋಡಿದರೆ ತಳದಲ್ಲಿ ಸಾಲಾಗಿ ಕೊರೆದ ಸಣ್ಣ ಸಣ್ಣ ಸೀಳುಗಳು. ನನ್ನ ಕಣ್ಣಿಗೆ ಅದರೊಳಗೆ ಹೋಗಬಹುದಾದ ಧೂಳು ಕಂಡಿತು, ಹುಳ ಕಂಡಿತು, ನೀನು ಮೇಜಿನ ಮೇಲೆ ಉದುರಿಸುವ ಬಿಸ್ಕತ್ತಿನ ಪುಡಿ ಕಂಡಿತು. ಇಪ್ಪತ್ತು ವರ್ಷದಿಂದ ಹೊಸ ಪುಸ್ತಕ ಬಂದ ಕೂಡಲೇ ಪಾರದರ್ಶಕ ಅಂಟುಹಾಳೆ ಹಾಕುವುದು ನನ್ನ ಕೆಲಸ. ಹಾಕದೆ ಒಂದು ಪುಸ್ತಕವನ್ನೂ ಕಪಾಟಿಗೆ ಬಿಟ್ಟವಳಲ್ಲ. ಕೈ ತಾನಾಗಿ ಡ್ರಾಯರಿಗೆ ಹೋಯಿತು.

ನಾಲ್ಕು ರಬ್ಬರು ಕಾಲುಗಳ ಸುತ್ತ ದುಂಡಗೆ ಕತ್ತರಿಸಿ, ಸ್ಕೇಲಿನಿಂದ ಒತ್ತಿ ಒತ್ತಿ ಒಂದು ಗುಳ್ಳೆಯೂ ಏಳದಂತೆ ಅಂಟಿಸಿದೆ. ಅಂಚನ್ನು ಬ್ಲೇಡಿನಿಂದ ಸವರಿದೆ. ಹಾಳೆ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ನಿನಗೆ ಹೇಳಲಿಲ್ಲ, ಹೇಳಿದರೆ "ಅಯ್ಯೋ ಅಮ್ಮಾ" ಅನ್ನುತ್ತೀಯ ಎಂದು. ನಿನಗೆ ಗೊತ್ತಾಗದ ಹಾಗೆ ನಿನ್ನ ವಸ್ತುವನ್ನು ಕಾಯುತ್ತಿದ್ದೇನೆ ಎಂದು ಒಳಗೊಳಗೇ ಖುಷಿಯಾಗಿತ್ತು.

ಟೈಪು ಮಾಡುವಾಗ, ಹಾಡು ಕೇಳುವಾಗ ಅದಕ್ಕೆ ಏನೂ ಆಗುತ್ತಿರಲಿಲ್ಲ, ನೆನಪಿದೆಯಾ? ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕೊಡೆಯ ಕತೆ ಹೇಳುವ ನಿನ್ನ ಅನಿಮೇಷನ್ ಸಿನಿಮಾವನ್ನು ರೆಂಡರ್ ಮಾಡಲು ಕೂತಾಗಲೇ ಶುರುವಾದದ್ದು. ನೀನು ಬಿಡಿಸಿದ ದೃಶ್ಯವನ್ನು ಯಂತ್ರ ಒಂದೊಂದೇ ಚಿತ್ರವಾಗಿ ಗಂಟೆಗಟ್ಟಲೆ ಕೂತು ತಯಾರಿಸುತ್ತದೆ, ಅದೇ ರೆಂಡರ್ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. ಹತ್ತು ನಿಮಿಷಕ್ಕೆ ಒಳಗಿನ ಫ್ಯಾನು ಕೂಗಲು ಶುರು. ಇಪ್ಪತ್ತು ನಿಮಿಷಕ್ಕೆ ಕೈ ಇಡಲಾಗದಷ್ಟು ಬಿಸಿ. ಆಮೇಲೆ ಪರದೆ ಕಪ್ಪು. ಅಪ್ಪ ನಗಿಸಲು ನೋಡಿದರು: "ಇದು ಲ್ಯಾಪ್‌ಟಾಪಾ ಇಸ್ತ್ರಿ ಪೆಟ್ಟಿಗೆನಾ? ತಾಳು, ನನ್ನ ಶರ್ಟು ತರ್ತೀನಿ." ನೀನು ನಗಲಿಲ್ಲ. ಕೊಡೆಯ ಬಟ್ಟೆಯ ಒಂದೊಂದು ನೂಲನ್ನೂ ಬಿಡಿಸಿದ್ದೆ ನೀನು. ಐದು ನಿಮಿಷದ ಸಿನಿಮಾದಲ್ಲಿ ಒಂದೂವರೆ ನಿಮಿಷ ಉಳಿದಿತ್ತು.

"ಹಾಸಿಗೆ ಮೇಲೆ ಇಟ್ಕೊಂಡ್ರೆ ಇನ್ನೇನಾಗುತ್ತೆ?" ಎಂದೆ ನಾನು.

"ಅಮ್ಮಾ, ವಾರದಿಂದ ಮೇಜಿನ ಮೇಲೇ ಇದೆ. ಕಣ್ಣು ಬಿಟ್ಟು ನೋಡು."

"ಮೊದಲು ಇಟ್ಕೊಂಡಿದ್ಯಲ್ಲ. ಆಗ್ಲೇ ಕೆಟ್ಟಿರುತ್ತೆ."

ಹೇಗೆ ವಾದ ಮಾಡಿದೆ ನೋಡು. ನಿನ್ನ ಹತ್ತಿರ ಉತ್ತರವಿದ್ದಾಗ ನಾನು ಪ್ರಶ್ನೆಯನ್ನೇ ಹಿಂದಕ್ಕೆ ಸರಿಸಿದೆ. ನೀನು ಅದನ್ನು ಎರಡು ಪುಸ್ತಕಗಳ ಮೇಲೆ ಎತ್ತರಿಸಿ ಇಟ್ಟೆ, ಟೇಬಲ್ ಫ್ಯಾನು ತಿರುಗಿಸಿದೆ, ಕಿಟಕಿಯ ಹತ್ತಿರ ಒಯ್ದೆ. ಕೊನೆಗೆ ಆ ಶನಿವಾರ ಮಧ್ಯಾಹ್ನ ಐಸಿನ ಚೀಲಕ್ಕೆ ಟವೆಲು ಸುತ್ತಿ ಅದರ ಮೇಲೆ ಇಟ್ಟೆ. ಅರ್ಧ ಗಂಟೆಯಲ್ಲಿ ಆರಿಹೋಯಿತು. ಮತ್ತೆ ಹತ್ತಲೇ ಇಲ್ಲ. ಒದ್ದೆ ಟವೆಲನ್ನು ಎತ್ತಿ ಹಿಡಿದು, ನಿನ್ನ ಯೋಗ್ಯತೆಯ ಮಾತನ್ನು ನಾನು ಆಡಿದ್ದು ಆಗಲೇ.

ಸೋಮವಾರ ಬೆಳಿಗ್ಗೆ ಅದನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಹೋದೆ, "ಬಿಡುವಾದಾಗ ರಿಪೇರಿಗೆ ಕೊಡ್ತೀನಿ" ಅಂತ. ನೀನು ಲ್ಯಾಬಿನ ಯಂತ್ರ ಸಿಗುತ್ತದೇನೋ ಎಂದು ಅಲೆದೆ. ಎಲ್ಲವೂ ಬೇರೆಯವರ ಹೆಸರಿಗಾಗಿತ್ತು. ಬುಧವಾರ ವಿಭಾಗದಲ್ಲಿ ಕೇಳಿದರು. ಯಂತ್ರ ಕೆಟ್ಟದ್ದು ವಿದ್ಯಾರ್ಥಿಯ ತಪ್ಪಿನಿಂದಲ್ಲ ಎಂದಾದರೆ ಸಿನಿಮಾ ಒಪ್ಪಿಸಲು ಮೂರು ವಾರ ಹೆಚ್ಚು ಕೊಡುವ ನಿಯಮವಿದೆ, ಅಜಾಗ್ರತೆಯಾದರೆ ಇಲ್ಲ. ಮುಖ್ಯಸ್ಥೆ ಮೇಡಂ ನಿನಗೆ ದಾರಿ ಮಾಡಿಕೊಡಲು ಎರಡೆರಡು ಸಲ ಕೇಳಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು.

"ಯಂತ್ರದಲ್ಲೇ ಏನೋ ದೋಷ ಇರಬಹುದಲ್ವೇನಮ್ಮಾ?"

"ಇಲ್ಲ ಮೇಡಂ. ಹೊಸದು. ನಾನೇ ಐಸ್ ಇಟ್ಟು ಕೆಡಿಸಿದೆ."

ನೀನು ಹೊರಗೆ ಬಂದು ನನ್ನ ಮುಂದೆ ನಿಂತು "ಸಾರಿ ಅಮ್ಮ" ಅಂದೆ. ಅವತ್ತು ಸಂಜೆಯ ಬಸ್ಸಿಗೇ ಚಿಕ್ಕಮ್ಮನ ಮನೆಗೆ ಹೋದೆ.

ನನಗೆ ಬಿಡುವಾದದ್ದು ಮರುದಿನ, ಗುರುವಾರ. ಲೈಬ್ರರಿಯ ಹಿಂದಿನ ರಸ್ತೆಯಲ್ಲಿ, ಬೀಗ ಮಾಡುವವನ ಪಕ್ಕದ ಆ ಕಿರಿದಾದ ಅಂಗಡಿ. ರಿಪೇರಿಯವನು ಹಣೆಗೆ ಭೂತಗನ್ನಡಿ ಕಟ್ಟಿಕೊಂಡಿದ್ದ. ಲ್ಯಾಪ್‌ಟಾಪನ್ನು ಮಗುಚಿದ, ಬೆಳಕಿಗೆ ಓರೆ ಮಾಡಿದ, ಉಗುರಿನಿಂದ ಒಂದು ಮೂಲೆ ಕೆರೆದ. ಹಾಳೆ ಸರ್ರನೆ ಎದ್ದು ಬಂತು.

"ಯಾರಮ್ಮಾ ಇದನ್ನ ಅಂಟಿಸಿದ್ದು? ಕೈ ಮಾತ್ರ ಬಹಳ ಚೆನ್ನಾಗಿದೆ."

ನಾನು ಆ ಹಾಳೆಯನ್ನು ತೆಗೆದುಕೊಂಡು ಸುರುಳಿ ಸುತ್ತತೊಡಗಿದೆ.

"ಇದು ಉಸಿರಾಡೋದೇ ಇಲ್ಲಿಂದ. ತಣ್ಣನೆ ಗಾಳಿ ಇಲ್ಲಿಂದ ಒಳಗೆ ಹೋಗಬೇಕು. ಸುಮ್ಮನೆ ಕೂತಿದ್ರೆ ಹೇಗೋ ನಡೆಯುತ್ತೆ, ಕೆಲಸ ಜಾಸ್ತಿಯಾದ್ರೆ ಬೇಯುತ್ತೆ. ಮೂಗಿಗೆ ಬಟ್ಟೆ ಕಟ್ಟಿ, ಓಡು ಓಡು ಅಂದ ಹಾಗೆ."

"ನೀರು ಒಳಗೆ ಹೋಗಿದ್ಯಾ ನೋಡಿ. ಮಗಳು ಐಸ್ ಇಟ್ಟಿದ್ಲು."

ಬಿಚ್ಚಿ ನೋಡಿದ. "ಒಂದು ಹನಿನೂ ಇಲ್ಲ. ನಿಮ್ಮ ಹಾಳೆನೇ ತಡೆದಿದೆ," ಎಂದು ನಕ್ಕ. "ಪಾಪ, ಆ ಹುಡುಗಿ ತಣ್ಣಗೆ ಮಾಡೋಕೆ ನೋಡಿದ್ದಾಳೆ. ಅವಳನ್ನ ಬೈಬೇಡಿ."

ಅವನು ಒಂದು ಭಾಗ ಬದಲಾಯಿಸಿ ಸರಿ ಮಾಡಿದ್ದಾನೆ. ನಿನ್ನ ಫೈಲುಗಳೆಲ್ಲ ಹಾಗೇ ಇವೆ. ಮೊನ್ನೆ ಅಂಗಡಿಯಲ್ಲೇ ಒಂದು ಗಂಟೆ ಭಾರಿ ಕೆಲಸ ಕೊಟ್ಟು ಓಡಿಸಿ ತೋರಿಸಿದ. ನಾನು ಪಕ್ಕದಲ್ಲೇ ಕೂತು ಐದೈದು ನಿಮಿಷಕ್ಕೆ ಅಂಗೈ ಇಟ್ಟು ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಬೆಚ್ಚಗಾಯಿತು, ಬಿಸಿಯಾಗಲಿಲ್ಲ. ಪರದೆಯ ಮೇಲೆ ನಿನ್ನ ಕೊಡೆ ಬಸ್ಸಿನ ಸೀಟಿನಿಂದ ಸೀಟಿಗೆ ಉರುಳುತ್ತಿತ್ತು. ರಿಪೇರಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದ. "ಆಮೇಲೆ ಯಾರಾದ್ರೂ ಎತ್ಕೊಂಡ್ರಾ ಅದನ್ನ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಿನ್ನ ಕತೆಯ ಕೊನೆ ಏನೆಂದು ಇಷ್ಟು ದಿನದಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಈ ಕಾಗದದ ಜೊತೆ ಎರಡು ಕಾಗದ ಇಟ್ಟಿದ್ದೇನೆ. ಒಂದು, ರಿಪೇರಿಯವನ ರಸೀದಿ. ಯಂತ್ರ ಏಕೆ ಕೆಟ್ಟಿತು ಎಂದು ಅವನೇ ಅದರ ಮೇಲೆ ಬರೆದು ಸಹಿ ಮಾಡಿದ್ದಾನೆ. ಇನ್ನೊಂದು, ಮೇಡಂಗೆ ನಾನು ಬರೆದ ಪತ್ರ. ಮೂರು ವಾರ ಕೇಳಲು ಇಪ್ಪತ್ನಾಲ್ಕೇ ಕೊನೆಯ ದಿನ. ನಾನೇ ಹೋಗಿ ಕೊಡಬಹುದಿತ್ತು. ಆದರೆ ನಿನ್ನನ್ನು ಕೇಳದೆ ನಿನ್ನ ವಸ್ತುವಿಗೆ ಹಾಳೆ ಅಂಟಿಸಿದ್ದು ಸಾಕು. ಕೊಡಬೇಕೋ ಬೇಡವೋ ನೀನು ತೀರ್ಮಾನ ಮಾಡು. ಅಂದು ನಿನ್ನ ಕೈಯಲ್ಲಿ ಯಾವ ಅರ್ಜಿ ಇದ್ದರೂ ನಾನು ಬೆಂಚಿನ ಮೇಲೆ ಕೂರುವುದಿಲ್ಲ, ನಿನ್ನ ಜೊತೆ ಒಳಗೆ ಬರುತ್ತೇನೆ. ಬೇಡ ಎಂದರೆ ಬರುವುದಿಲ್ಲ.

ಚಿಕ್ಕಮ್ಮನಿಗೆ ಕೆಲಸದಲ್ಲಿ ಸ್ವಲ್ಪ ನೆರವಾಗು. ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿದೆ, ಅದು ಹಾಗೇ ಇರಲಿ. ನಿನಗೆ ಒಳ್ಳೆಯದಾಗಲಿ, ಮಗಳೇ.

ನಿನ್ನ
ಅಮ್ಮ

ತಾ.ಕ.: ರಸೀದಿಯನ್ನು ಮಡಿಸುವಾಗ ಅದರ ಮೇಲಿನ ದಿನಾಂಕ ಕಣ್ಣಿಗೆ ಬಿತ್ತು. ಮಾರ್ಚ್ 3. ಗುರುವಾರ ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನಾನು ಅಂಗಡಿಗೆ ಹೋದದ್ದು ಸೋಮವಾರ ಮಧ್ಯಾಹ್ನ, ಚೀಲದಲ್ಲಿ ಹಾಕಿಕೊಂಡು ಹೊರಟ ದಿನವೇ. ತಾರೀಕಿಲ್ಲದ ಇನ್ನೊಂದು ಚೀಟಿ ಬರೆಸಿಕೊಂಡು ಬರೋಣ ಅಂತ ಚಪ್ಪಲಿಯನ್ನೂ ಮೆಟ್ಟಿದ್ದೆ. ಬಾಗಿಲ ಹತ್ತಿರ ನಿಂತು ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ. ರಸೀದಿಯ ಮೇಲೆ ತಾರೀಕು ಇಲ್ಲದಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ ಗುಬ್ಬಿ. ಹೌದು ಅನ್ನಲು ಆಸೆ.

ಬುಧವಾರ ನೀನು ಒಳಗೆ "ನಾನೇ ಕೆಡಿಸಿದೆ" ಅನ್ನುವಾಗ ಆ ಹಾಳೆ ಸುರುಳಿಯಾಗಿ ನನ್ನ ಚೀಲದಲ್ಲಿತ್ತು. ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ನಿನಗೆ ಮೂರು ವಾರ ಸಿಗುತ್ತಿತ್ತು. ಮೇಡಂ ಪ್ರತಿ ವರ್ಷ ಹೊಸ ಹುಡುಗರನ್ನು ಲೈಬ್ರರಿಗೆ ಕರೆತಂದು, ವಸ್ತು ಕಾಪಾಡೋದು ಹೇಗೆ ಅಂತ ಇವರನ್ನ ನೋಡಿ ಕಲಿಯಿರಿ ಎಂದು ನನ್ನನ್ನೇ ತೋರಿಸುತ್ತಾರೆ. ಆ ಒಂದು ಮಾತನ್ನು ಉಳಿಸಿಕೊಳ್ಳಲು ನಿನ್ನನ್ನು ಒಳಗೆ ಒಂಟಿಯಾಗಿ ಬಿಟ್ಟೆ. ನೀನು ಹೊರಗೆ ಬಂದು "ಸಾರಿ ಅಮ್ಮ" ಅಂದಾಗ ನಾನು ನಿನ್ನ ತಲೆ ಸವರಿ, "ಹೋಗಲಿ ಬಿಡು, ಇನ್ನು ಮುಂದಾದ್ರೂ ಜೋಪಾನ ಕಲಿ" ಅಂದೆ. ನಿನ್ನನ್ನು ಕ್ಷಮಿಸಿದೆ.

ಮೇಡಂ ಪತ್ರದಲ್ಲೂ ಗುರುವಾರ ಎಂದಿತ್ತು. ಅದನ್ನು ಹರಿದು, ಸೋಮವಾರ ಎಂದು ಹೊಸದಾಗಿ ಬರೆದು ಒಳಗಿಟ್ಟಿದ್ದೇನೆ. ಲಕೋಟೆ ಅಂಟಿಸಿಯಾದ ಮೇಲೆ ಮತ್ತೆ ಬಿಚ್ಚುವುದಿಲ್ಲ. ಅಂಚೆಗೆ ಹಾಕುವುದು ನಾಳೆ, ಅಂಚೆ ಕಚೇರಿಯ ಬಾಗಿಲು ತೆಗೆದ ಕೂಡಲೇ. ನಾಳೆ ಎಂದರೆ ಮಾರ್ಚ್ 18, ಮಂಗಳವಾರ.