ಈಶಾನ್ಯದ ಕಾಲುಭಾಗ

ಶೋರ್‌ದರಾ ಕಣಿವೆ,
ಐದನೆಯ ಶಾಂತಿಯ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ
(ನಿಮ್ಮ ಲೆಕ್ಕದಲ್ಲಿ 2391)

ಡಾ. ಶಾಂಭವಿ ಹೂಗಾರ ಅವರಿಗೆ, ಕಾಪಿನ ತಂಗೆಮ್ಮ ಬರೆಯುವುದು.

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಮನೆಯ ಮಾತು ಕಲಬುರಗಿಯದು. ಬರಹ ಕಲಿತದ್ದು ಮಾತ್ರ ನಿಮ್ಮ ಉತ್ಖನನ ವರದಿಯಿಂದ. ಹಾಗಾಗಿ ದುಃಖವನ್ನೂ ಅಳತೆಪಟ್ಟಿ ಇಟ್ಟು ಬರೆದಂತೆ ಕಾಣಬಹುದು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಕೊಲೆಯಾದ ಮನೆಗೆ ಒಂದು ಸಲ, ಒಂದು ಪತ್ರವನ್ನು ಕಳೆದ ಕಾಲಕ್ಕೆ ಕಳಿಸಲು ಸರ್ಕಾರ ಕೊಡುವ ಸೌಲಭ್ಯ ಅದು. ಹೆಚ್ಚಿನವರು ಸತ್ತವರಿಗೇ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ನಿಮ್ಮ ಮೇಲೆ ಸಿಟ್ಟಿದೆ.

ಇದು ತಲುಪುವಾಗ ನಿಮ್ಮ ವರದಿ ಇನ್ನೂ ಅಚ್ಚಿಗೆ ಹೋಗಿರುವುದಿಲ್ಲ. ಪುಟ 212 ತೆಗೆಯಿರಿ. ಶೋರ್‌ದರಾ ಸ್ತೂಪದ ಮೂರು ಭಾಗ ಅಗೆದು, ನೀವು ಹೀಗೆ ಬರೆದಿದ್ದೀರಿ: ‘ಈಶಾನ್ಯದ ಕಾಲುಭಾಗವನ್ನು ಅಗೆದಿಲ್ಲ. ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ಆಳದಲ್ಲಿ ಅಸ್ಥಿ ಇಡುವ ಕಲ್ಲಿನ ಪೆಟ್ಟಿಗೆ, ಕರಂಡಕ, ಇರುವ ಸೂಚನೆಯಿದೆ. ನಮಗಿಂತ ಒಳ್ಳೆಯ ಉಪಕರಣಗಳಿರುವ ಮುಂದಿನ ತಲೆಮಾರಿಗೆ ಇದನ್ನು ಬಿಟ್ಟಿದ್ದೇವೆ.’ ಎಲ್ಲವನ್ನೂ ತಾನೇ ಅಗೆಯಬಾರದು ಎನ್ನುವುದು ನಿಮ್ಮ ಕಸುಬಿನ ದೊಡ್ಡ ಮರ್ಯಾದೆ. ಆ ಮುಂದಿನ ತಲೆಮಾರು ನಾವು.

ಈ ಮೂರು ಸಾಲನ್ನು ನಂಬಿ ನಮ್ಮ ಮುತ್ತಜ್ಜಿಯರು ಕಲಬುರಗಿ ಬಿಟ್ಟು, ಹಳೆಯ ರೇಷ್ಮೆ ದಾರಿ ಹಿಡಿದು ಇಲ್ಲಿಗೆ ಬಂದರು. ಕಾವಲು ನಿಂತು ಕಾಪಿನವರಾದರು. ಪ್ರತಿ ಬೆಳಿಗ್ಗೆ ನೀವು ಅಗೆದ ಗುಂಡಿಗೆ ಹಾರಿಬಿದ್ದ ಮರಳನ್ನು ಕುಂಚದಿಂದ ಗುಡಿಸುತ್ತೇವೆ. ನೆಲದೊಳಗಿನ ಟೊಳ್ಳಿನ ಸದ್ದು ಹಿಡಿಯುವ ಮಣ್ಣುಗಿವಿ ಎಂಬ ಬಟ್ಟಲನ್ನು ಕವುಚಿ, ಕರಂಡಕ ಅಲುಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ರೊಟ್ಟಿ. ಗುಂಡಿಯ ಅಂಚಿನ ಮೇಲೆ ಯಾರೂ ನಿಲ್ಲುವಂತಿಲ್ಲ. ಮಣ್ಣಿನ ಪದರ ಕುಸಿದರೆ ಅದರೊಳಗಿನ ಕಾಲದ ಓದು ಕೆಡುತ್ತದೆ. ನಿಂತವರಿಗೆ ಅಂದು ಪಂಕ್ತಿಯಲ್ಲಿ ಊಟವಿಲ್ಲ. ನನ್ನ ಗಂಡ ಸುದತ್ತ, ವ್ಯಾಪಾರಕ್ಕೆಂದು ಮೊದಲೇ ಸಮರಕಂದಕ್ಕೆ ಹೋಗಿ ರೊಟ್ಟಿಯ ಭಟ್ಟಿಯಿಟ್ಟಿದ್ದ ಕಲಬುರಗಿಯವರ ಮನೆಯ ಮಗ. ನಿಮ್ಮ ಆ ಸಾಲು ಓದಿ, ತಲೆಕೆಟ್ಟು ಇಲ್ಲಿಗೆ ಬಂದ. ಇಬ್ಬರೂ ಒಂದೇ ಜರಡಿಯ ಎರಡು ಬದಿ ಹಿಡಿದು ನಿಂತದ್ದೇ ನಮ್ಮ ಹೆಣ್ಣು ನೋಡುವ ಶಾಸ್ತ್ರ. ಪೆಟ್ಟಿಗೆ ತೆಗೆದು ನೋಡೋಣವೇ ಎಂದು ಕೆಣಕಿದರೆ, ‘ನೋಡಬೇಕನಸ್ತದ, ಆದ್ರ ಅದಕ್ಕ ತಕ್ಕ ಕೈ ಇನ್ನಾ ನಮಗ ಬಂದಿಲ್ಲ’ ಎನ್ನುತ್ತಿದ್ದ.

ಹೋದ ತಿಂಗಳು ಹೊಗೆಗುದುರೆಗಳ ಮೇಲೆ, ಅಂದರೆ ನಾಲ್ಕು ಕಾಲಿನ ಯಂತ್ರಗಳ ಮೇಲೆ, ಹದಿನಾಲ್ಕು ಜನ ಬಂದರು. ಬೆಳಗಿನ ಹಿಟ್ಟು ನಾದುವ ಹೊತ್ತು. ಮೊದಲ ಗುಂಡು ನನ್ನ ನಾದಿನಿ ಪಟಾಚಾರೆಯ ಗಂಟಲಿಗೆ ಬಿತ್ತು. ಅವಳು ಮರಿಗೆಯೊಳಗೇ ಮುಖ ಅಡಿಯಾಗಿ ಬಿದ್ದಳು, ಹಿಟ್ಟು ಕೆಂಪಾಯಿತು. ಮುಖಂಡನ ಕೈಯಲ್ಲಿ, ಯಾರೋ ಅವನ ಭಾಷೆಗೆ ತಿರುಗಿಸಿಕೊಟ್ಟ ನಿಮ್ಮ ಪುಟ 212 ಇತ್ತು. ಒಬ್ಬೊಬ್ಬರಿಗೇ ಆ ಹಾಳೆ ತೋರಿಸಿ ಅಗೆಯಲು ಹೇಳಿದ. ಒಲ್ಲೆನೆಂದವರನ್ನು ಅಲ್ಲೇ ಕೊಂದ. ಒಂಬತ್ತು ಜನ ಒಲ್ಲೆನೆಂದರು.

ಹತ್ತನೆಯವನು ಸುದತ್ತ. ನನ್ನ ಹಣೆಗೆ ಕೋವಿ ಇಟ್ಟಿದ್ದರಿಂದ ಅವನು ಒಪ್ಪಿದ. ಕೈಗೆ ಗುದ್ದಲಿ ಕೊಟ್ಟರು. ಪುಣ್ಯಾತ್ಮ ಅದನ್ನು ಬದಿಗಿಟ್ಟು ತನ್ನ ಕರಣೆ ತೆಗೆದುಕೊಂಡ. ಎರಡು ಬೆರಳು ಮುರಿದರು. ಉಳಿದ ಬೆರಳುಗಳಿಂದ ದಿನಗಟ್ಟಲೆ ಪದರ ಪದರವಾಗಿಯೇ ಕೆರೆದ. ಕರಂಡಕ ಸರಿಯಾಗಿ ಮೂರು ಮೀಟರ್ ಇಪ್ಪತ್ತಕ್ಕೇ ಸಿಕ್ಕಿತು. ನಿಮ್ಮ ಅಳತೆಗೆ ಶಹಬ್ಬಾಸ್ ಎನ್ನಲೇಬೇಕು. ಬಗ್ಗಿ ನೋಡಲು ಮುಖಂಡ ಅಂಚಿಗೆ ಬಂದ. ಆಗ ನನ್ನ ಗಂಡ ತಲೆಯೆತ್ತಿ, ಮಕ್ಕಳಿಗೆ ಗದರುವ ಹಾಗೇ, ‘ಏ ಯಣ್ಣಾ, ಅಂಚಿನ ಮ್ಯಾಲ ನಿಂದ್ರಬ್ಯಾಡೋ!’ ಎಂದ. ಅವನಿಗೆ ನಮ್ಮ ಭಾಷೆ ತಿಳಿಯದಿದ್ದರೂ ಗದರಿದ್ದು ತಿಳಿಯಿತು. ಬದಿಗಿದ್ದ ಗುದ್ದಲಿಯನ್ನೆತ್ತಿ, ಗುಂಡಿಗಿಳಿದು, ಸುದತ್ತನ ತಲೆಗೆ ಮೂರು ಸಲ ಹೊಡೆದ. ನಾನು ಎರಡು ಮಾರು ದೂರದಲ್ಲಿ ಕೈಕಟ್ಟಿಸಿಕೊಂಡು ಕೂತಿದ್ದೆ.

ಕರಂಡಕದೊಳಗೆ ಬಂಗಾರವಿರಲಿಲ್ಲ. ಬೂದಿ, ಉಗುರಿನಷ್ಟು ಮೂಳೆ, ಒಂದು ಚೂರು ರೇಷ್ಮೆ. ಸಿಟ್ಟಿನಲ್ಲಿ ಅದನ್ನು ಗುಂಡಿಗೆ ಕವುಚಿ ಒದ್ದು ಹೋದರು. ಯಾವುದು ಬುದ್ಧನ ಅಸ್ಥಿ, ಯಾವುದು ನನ್ನ ಗಂಡನದು ಎಂದು ಬೇರ್ಪಡಿಸಲು ನನಗೆ ಆಗಲಿಲ್ಲ. ಜರಡಿಯ ಆಚೆ ಬದಿ ಹಿಡಿಯಲು ಯಾರೂ ಇರಲಿಲ್ಲ.

ಆ ಮೂರು ಸಾಲನ್ನು ಹೊಡೆದುಹಾಕಿ. ಕರಂಡಕವನ್ನು ನೀವೇ ತೆಗೆಯಿರಿ, ಇಲ್ಲವೇ ಮರೆತುಬಿಡಿ. ಕಳ್ಳನ ಕೈಗೆ ಕೀಲಿ ಕೊಡಬೇಡಿ. ಇದರಿಂದ ಏನಾಗುತ್ತದೆಂದು ಹಿಂದಂಚೆಯ ಗುಮಾಸ್ತ ನನಗೆ ಎರಡು ಸಲ ಓದಿ ಹೇಳಿ ಸಹಿ ಹಾಕಿಸಿಕೊಂಡಿದ್ದಾನೆ. ಆ ಸಾಲಿಲ್ಲದಿದ್ದರೆ ನಮ್ಮವರು ಇಲ್ಲಿಗೆ ಬರುವುದಿಲ್ಲ, ಸುದತ್ತನೂ ಬರುವುದಿಲ್ಲ. ಹದಿನೇಳು ವರ್ಷದ ನಮ್ಮ ಸಂಸಾರ ನಡೆದೇ ಇರುವುದಿಲ್ಲ. ಅವನು ಸಮರಕಂದದಲ್ಲಿ ಹಿಟ್ಟು ಮೆತ್ತಿದ ಕೈಯಿಂದ ಇನ್ಯಾರದೋ ಜಡೆ ಎಳೆದು ನಗುತ್ತಿರುತ್ತಾನೆ. ನೆನೆದರೆ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೂ ಹೊಡೆದುಹಾಕಿಬಿಡಿ, ತಾಯಿ.